ಲೆಕ್ಕಶಾಸ್ತ್ರದ ಮೊದಲ ಪಾಠ: ಒಂದು ಅಂಗಡಿಯ ಒಂದು ತಿಂಗಳ ಲೆಕ್ಕ

ಲೆಕ್ಕಶಾಸ್ತ್ರವನ್ನು ಹೊಸದಾಗಿ ಕಲಿಯಲು ಹೊರಟವರಲ್ಲಿ ಅನೇಕರು ಮೊದಲು ನಿಯಮಗಳನ್ನು ಬಾಯಿಪಾಠ ಮಾಡುತ್ತಾರೆ, ಇಲ್ಲವೇ ನೇರವಾಗಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ತರಗತಿಗೆ ಸೇರುತ್ತಾರೆ. ಈ ಎರಡಕ್ಕಿಂತಲೂ, ಚಿಕ್ಕದೊಂದು ಅಂಗಡಿಯ ಒಂದು ತಿಂಗಳ ವ್ಯವಹಾರವನ್ನು ಮೊದಲಿನಿಂದ ಕೊನೆಯವರೆಗೆ ಕೈಯಲ್ಲಿ ಬರೆದು ಮುಗಿಸುವುದೇ ಒಳ್ಳೆಯ ಆರಂಭವೆಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಬೇಕಾದ ಗಣಿತ ಕೂಡುವುದು, ಕಳೆಯುವುದು, ಶೇಕಡಾ ತೆಗೆಯುವುದು, ಇಷ್ಟೇ. ಶಾಲೆಯಲ್ಲಿ ಗಣಿತ ಕಷ್ಟವಾಗಿತ್ತೆಂದು ಯಾರೂ ಹಿಂಜರಿಯಬೇಕಾಗಿಲ್ಲ.

ಬರೆಯುವ ಮುನ್ನ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಬೇಕು: ಅಂಗಡಿ ಬೇರೆ, ಅದರ ಮಾಲೀಕ ಬೇರೆ. ಮಾಲೀಕ ಹಾಕಿದ ಬಂಡವಾಳವೂ ಅಂಗಡಿಯ ದೃಷ್ಟಿಯಲ್ಲಿ ಅವನಿಗೆ ಸಲ್ಲಬೇಕಾದ ಮೊತ್ತವೇ ಆಗಿರುವುದರಿಂದ, ಅಂಗಡಿಯ ಆಸ್ತಿಗಳ ಮೊತ್ತವು ಹೊರಗಿನವರ ಸಾಲ ಮತ್ತು ಬಂಡವಾಳ ಎರಡನ್ನೂ ಕೂಡಿದ ಮೊತ್ತಕ್ಕೆ ಯಾವಾಗಲೂ ಸಮವಾಗಿರುತ್ತದೆ. ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದನು. ವರ್ತಕರು ಅದಕ್ಕೂ ಮೊದಲೇ ಅದನ್ನು ಬಳಸುತ್ತಿದ್ದರು.

ಕನ್ನಡದಲ್ಲಿ ಓದುವವರಿಗೆ ಪದಗಳಿಂದಲೇ ಒಂದು ತೊಡಕು ಎದುರಾಗುತ್ತದೆ. ಡೆಬಿಟ್ ಎಂದರೆ ಖರ್ಚು, ಕ್ರೆಡಿಟ್ ಎಂದರೆ ಜಮಾ ಎಂದು ಹೇಳಿಕೊಡುವ ರೂಢಿಯಿದೆ. ಆದರೆ ಅಂಗಡಿಗೆ ಬೀರು ಕೊಂಡಾಗ ಬೀರುವಿನ ಖಾತೆಗೆ ಡೆಬಿಟ್ ಆಗುತ್ತದೆ, ಅದು ಆಸ್ತಿಯೇ ಹೊರತು ಖರ್ಚಲ್ಲ. ಕೈಗೆ ಹಣ ಬಂದಾಗಲೂ ನಗದು ಖಾತೆಗೆ ಡೆಬಿಟ್ ಆಗುತ್ತದೆ. ಆದ್ದರಿಂದ ಆರಂಭದಲ್ಲಿ ಡೆಬಿಟ್ ಎಂದರೆ ಖಾತೆಯ ಎಡಬದಿ, ಕ್ರೆಡಿಟ್ ಎಂದರೆ ಬಲಬದಿ ಎಂದಷ್ಟೇ ತಿಳಿದುಕೊಳ್ಳಿ. ಆಸ್ತಿ ಮತ್ತು ವೆಚ್ಚಗಳು ಹೆಚ್ಚಾದರೆ ಎಡಕ್ಕೆ, ಸಾಲ, ಬಂಡವಾಳ ಮತ್ತು ಆದಾಯಗಳು ಹೆಚ್ಚಾದರೆ ಬಲಕ್ಕೆ ಬರೆಯಬೇಕು. ಕಡಿಮೆಯಾದರೆ ಅದರ ವಿರುದ್ಧ ಬದಿಗೆ. ನೀವು ಹಣ ಕಟ್ಟಿದಾಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದಿರುವುದು ಏಕೆಂಬುದೂ ಇದರಿಂದ ತಿಳಿಯುತ್ತದೆ: ಅದು ಬ್ಯಾಂಕಿನ ಲೆಕ್ಕ, ಅಲ್ಲಿ ನಿಮ್ಮ ಠೇವಣಿ ಬ್ಯಾಂಕು ತೀರಿಸಬೇಕಾದ ಸಾಲ.

ಈಗ ಒಂದು ಸ್ಟೇಷನರಿ ಅಂಗಡಿಯನ್ನು ಊಹಿಸಿಕೊಳ್ಳಿ. ಏಪ್ರಿಲ್ 1ರಂದು ಮಾಲೀಕ 1,00,000 ರೂಪಾಯಿ ನಗದು ಹಾಕುತ್ತಾನೆ. ನಗದು ಕೊಟ್ಟು 15,000 ರೂಪಾಯಿಯ ಪೀಠೋಪಕರಣ ಮತ್ತು 40,000 ರೂಪಾಯಿಯ ಸರಕು ಕೊಳ್ಳುತ್ತಾನೆ. ಇನ್ನೂ 20,000 ರೂಪಾಯಿಯ ಸರಕನ್ನು ಉದ್ದರಿಯಾಗಿ ತರುತ್ತಾನೆ. ತಿಂಗಳಲ್ಲಿ ನಗದು ಮಾರಾಟ 30,000, ಉದ್ದರಿ ಮಾರಾಟ 10,000, ಕೊಟ್ಟ ಬಾಡಿಗೆ 6,000. ಈ ಏಳೂ ವ್ಯವಹಾರಗಳನ್ನು ಮೊದಲು ಜರ್ನಲ್‌ನಲ್ಲಿ ದಿನಾಂಕದ ಕ್ರಮದಲ್ಲಿ, ಪ್ರತಿ ನಮೂದಿನ ಕೆಳಗೆ ಒಂದು ಸಾಲಿನ ವಿವರಣೆಯೊಂದಿಗೆ ಬರೆಯಿರಿ. ನಂತರ ಲೆಡ್ಜರ್‌ನಲ್ಲಿ ಪ್ರತಿ ಖಾತೆಗೂ ಒಂದು ಪುಟ ತೆರೆದು ಅವನ್ನು ವರ್ಗಾಯಿಸಿ, ಬಾಕಿ ತೆಗೆದು, ಆ ಬಾಕಿಗಳನ್ನು ಎಡ ಮತ್ತು ಬಲ ಬದಿಗಳಲ್ಲಿ ಬರೆದು ಕೂಡಿದ ತಾಳೆಪಟ್ಟಿ ಮಾಡಿ. ಎಲ್ಲವೂ ಸರಿಯಿದ್ದರೆ ಎರಡೂ ಬದಿಗಳಲ್ಲಿ 1,60,000 ಬರುತ್ತದೆ.

ತಾಳೆಯಾಗದಿದ್ದರೆ ಉತ್ತರ ನೋಡುವ ಆತುರ ಬೇಡ, ಏಕೆಂದರೆ ತಪ್ಪು ಹುಡುಕುವುದೇ ಈ ವಿದ್ಯೆಯ ಅರ್ಧ ಭಾಗ. ವ್ಯತ್ಯಾಸವನ್ನು ಎರಡರಿಂದ ಭಾಗಿಸಿ, ಅಷ್ಟು ಮೊತ್ತದ ನಮೂದು ತಪ್ಪು ಬದಿಗೆ ಹೋಗಿದೆಯೇ ಎಂದು ನೋಡಿ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ 540 ಎಂಬುದನ್ನು 450 ಎಂದು ಬರೆದಂತೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆಯಿದೆ. ಆದರೆ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೆಂದು ಭಾವಿಸಬಾರದು. ಪೂರ್ತಿ ಬಿಟ್ಟುಹೋದ ವ್ಯವಹಾರವನ್ನಾಗಲಿ, ಪೀಠೋಪಕರಣವನ್ನು ಸರಕೆಂದು ಬರೆದ ತಪ್ಪನ್ನಾಗಲಿ ತಾಳೆಪಟ್ಟಿ ತೋರಿಸುವುದಿಲ್ಲ.

ತಿಂಗಳ ಕೊನೆಗೆ ಅಂಗಡಿಯಲ್ಲಿ 32,000 ರೂಪಾಯಿಯ ಸರಕು ಉಳಿದಿದೆ ಎನ್ನೋಣ. ಕೊಂಡ 60,000ದಲ್ಲಿ ಇದನ್ನು ಕಳೆದರೆ ಮಾರಿದ ಸರಕಿನ ಕೊಂಡ ಬೆಲೆ 28,000. ಮಾರಾಟ 40,000 ಆದ್ದರಿಂದ ಒಟ್ಟು ಲಾಭ 12,000; ಬಾಡಿಗೆ ಕಳೆದರೆ ನಿವ್ವಳ ಲಾಭ 6,000. ಬ್ಯಾಲೆನ್ಸ್ ಶೀಟಿನಲ್ಲಿ, ಅಂದರೆ ನಮ್ಮ ಸಹಕಾರ ಸಂಘಗಳಲ್ಲಿ ಅಢಾವೆ ಪತ್ರಿಕೆ ಎನ್ನುವುದರಲ್ಲಿ, ನಗದು 69,000, ಬರಬೇಕಾದ ಉದ್ದರಿ 10,000, ಸರಕು 32,000, ಪೀಠೋಪಕರಣ 15,000 ಸೇರಿ ಆಸ್ತಿ 1,26,000 ಆಗುತ್ತದೆ. ಇನ್ನೊಂದು ಬದಿಯಲ್ಲಿ ಕೊಡಬೇಕಾದ 20,000, ಬಂಡವಾಳ 1,00,000 ಮತ್ತು ಲಾಭ 6,000 ಸೇರಿ ಅಷ್ಟೇ ಆಗುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಿ: ಅಂಗಡಿಗೆ ಲಾಭ ಬಂದಿದೆ, ಆದರೆ ನಗದು 31,000 ಇಳಿದಿದೆ. ಆ ಹಣ ಎಲ್ಲಿಗೆ ಹೋಯಿತೆಂದು ಈ ಅಂಕಿಗಳಿಂದಲೇ ವಿವರಿಸಬಲ್ಲಿರಾದರೆ ನೀವು ವಿಷಯದ ಒಳಗೆ ಬಂದಿದ್ದೀರಿ.

ಮೇ ತಿಂಗಳ ಲೆಕ್ಕಕ್ಕೆ ಪೀಠೋಪಕರಣದ ಸವಕಳಿಯನ್ನೂ (ಬಳಕೆಯಿಂದ ಅದರ ಬೆಲೆ ಕುಗ್ಗುವುದನ್ನೂ), ಕೊಡದೆ ಉಳಿದ ಬಾಡಿಗೆಯನ್ನೂ ಸೇರಿಸಿಕೊಳ್ಳಿ. ಅದು ಮುಗಿದ ಮೇಲೆ ಅದೇ ಎರಡು ತಿಂಗಳನ್ನು ಟ್ಯಾಲಿಯಲ್ಲಿ ನಮೂದಿಸಿದರೆ ತಂತ್ರಾಂಶ ತಾನಾಗಿ ಮಾಡುವ ಕೆಲಸ ಯಾವುದೆಂದು ಗುರುತಿಸಬಹುದು. ಸಿಎ ಮಾಡುವ ಉದ್ದೇಶವಿರುವವರು ಅದರ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳಲ್ಲಿ ಮೊದಲನೆಯದಾದ ಲೆಕ್ಕಶಾಸ್ತ್ರದ ಅಧ್ಯಯನ ಸಾಮಗ್ರಿಯನ್ನು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಂಡು, ಅಲ್ಲಿನ ಲೆಕ್ಕಗಳನ್ನು ನೀವು ಬರೆದ ಇದೇ ಲೆಕ್ಕದ ಪುಸ್ತಕದಲ್ಲಿ ಮುಂದುವರಿಸಬಹುದು.