ಎರಡು ಪೌಂಡ್ ಕೈಮಾ, ಹನ್ನೆರಡು ತುಂಡು

ಮಂಗಳವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನು ಬೀಫ್ ಕೈಮಾ ಕಲಸುತ್ತೇನೆ. ಅಗಲದ ಟ್ರೇಯಲ್ಲಿ ತಟ್ಟಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಮಲಗುತ್ತೇನೆ. ಬುಧವಾರ ಮಧ್ಯಾಹ್ನ 3 ಗಂಟೆಗೆ ಡ್ಯೂಟಿ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅರ್ಧ ಅಡುಗೆ ಆಗಿರುತ್ತದೆ. ಈ ಅಡುಗೆಗೆ ಇಲ್ಲಿಯವರು ಇಟ್ಟ ಹೆಸರು ‘ಪೂರ್ ಮ್ಯಾನ್ಸ್ ಸ್ಟೇಕ್’, ಅಂದರೆ ಬಡವರ ಸ್ಟೇಕ್. ದುಬಾರಿ ಮಾಂಸದ ತುಂಡು ಕೊಳ್ಳಲಾಗದವರು ಕೈಮಾವನ್ನೇ ತುಂಡಿನ ಹಾಗೆ ಮಾಡಿ, ಹಾಲಿನ ಗ್ರೇವಿಯಲ್ಲಿ ಬೇಯಿಸುವ ಊಟ. ಆಮಿಶ್ ಎಂಬ ಕ್ರೈಸ್ತ ಪಂಗಡದವರ ಮನೆಗಳಲ್ಲಿ ಇದು ತುಂಬಾ ಬಳಕೆಯಲ್ಲಿದೆ.

ನಾನು ನರ್ಸ್. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಗೆ ಬಂದು ಆರು ವರ್ಷ ಆಯಿತು. ಹುಟ್ಟಿದ್ದು ಮಂಗಳೂರಿನ ಹತ್ತಿರ, ಕ್ಯಾಥೊಲಿಕ್ ಮನೆಯಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಬೀಫ್ ನಮ್ಮ ಅಡುಗೆಮನೆಗೆ ಹೊಸದಲ್ಲ. ಆದರೆ ಖಾರವಿಲ್ಲದ, ಅರಿಶಿನವಿಲ್ಲದ, ಹಾಲು ಹೊಯ್ದ ಬೀಫ್ ಅಂದರೆ ಮೊದಲು ನನಗೂ ಒಪ್ಪಿಗೆಯಾಗಲಿಲ್ಲ.

ಇಲ್ಲಿಯ ರಸ್ತೆಗಳಲ್ಲಿ ಬೂದು ಬಣ್ಣದ ಕುದುರೆಗಾಡಿಗಳು ಕಾರಿನ ಪಕ್ಕದಲ್ಲೇ ಓಡುತ್ತವೆ. ಅವು ಆಮಿಶ್ ಜನರ ಗಾಡಿಗಳು. 1693ರ ಸುಮಾರಿಗೆ ಯಾಕೋಬ್ ಆಮ್ಮನ್ ಎಂಬ ಧರ್ಮಗುರುವಿನ ಹಿಂದೆ ಬೇರೆಯಾದ ಕ್ರೈಸ್ತ ಪಂಗಡ ಇದು. ಯುರೋಪಿನಲ್ಲಿ ಕಿರುಕುಳ ತಾಳಲಾರದೆ 1700ರ ದಶಕಗಳಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯಾ ಡಚ್. ಹೆಸರು ಡಚ್ ಆದರೂ ಅದು ಹಾಲೆಂಡಿನ ಭಾಷೆ ಅಲ್ಲ, ಜರ್ಮನ್ನಿನ ಒಂದು ಬಗೆ. ಮನೆಗೆ ಕರೆಂಟ್ ಲೈನ್ ಎಳೆಸಿಕೊಳ್ಳುವುದಿಲ್ಲ. ಹಾಗಂತ ಸೌದೆ ಒಲೆಯೇ ಅಂದುಕೊಳ್ಳಬೇಡಿ. ತುಂಬಾ ಮನೆಗಳಲ್ಲಿ ಗ್ಯಾಸ್ ಒಲೆ ಇದೆ, ಗ್ಯಾಸಿನಲ್ಲೇ ಓಡುವ ಫ್ರಿಜ್ ಇದೆ.

ನಾನು ಮೊಟ್ಟೆ ತರುವುದು ಅಂಥ ಒಂದು ಮನೆಯಿಂದ. ಗೇಟಿನ ಹತ್ತಿರ ಮರದ ಕಪಾಟು, ಒಳಗೆ ಮೊಟ್ಟೆ, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. ‘ಭಾನುವಾರ ವ್ಯಾಪಾರ ಇಲ್ಲ’ ಅಂತ ಕೈಯಲ್ಲಿ ಬರೆದ ಹಲಗೆ. ಆ ಮನೆಯ ಅಜ್ಜಿ ಹೊರಗಿದ್ದರೆ ನಾಲ್ಕು ಮಾತಾಡುತ್ತಾರೆ. ಒಂದು ಚಳಿಗಾಲದಲ್ಲಿ ಸುಮ್ನೆ ಕೇಳಿದೆ, “ಇಷ್ಟು ಮಕ್ಕಳ ಮನೆಯಲ್ಲಿ ಮಾಂಸ ಹೇಗೆ ಸಾಲುತ್ತದೆ?” ಅವರು ಕೈಬೆರಳು ಮಡಚುತ್ತಾ ಹೇಳಿದರು: ಕೈಮಾ, ಕ್ರ್ಯಾಕರ್, ಹಾಲು, ಈರುಳ್ಳಿ, ಉಪ್ಪು, ಮೆಣಸು. ಆರಕ್ಕೆ ನಿಲ್ಲಿಸಿದರು. ನಾನು ಏಳನೆಯದಕ್ಕೆ ಕಾಯುತ್ತಿದ್ದೆ. “ಅಷ್ಟೇ. ಆಮೇಲೆ ಒಂದು ರಾತ್ರಿ ಕಾಯಬೇಕು” ಅಂದರು.

ಆ ಒಂದು ರಾತ್ರಿಯನ್ನೇ ನಾನು ಮೊದಲ ಸಲ ಬಿಟ್ಟೆ. ಕಲಸಿದ ಕೂಡಲೇ ತುಂಡು ಮಾಡಿ ಬಾಣಲೆಗೆ ಹಾಕಿದೆ. ತಿರುಗಿಸಲು ಹೋದರೆ ಒಂದೊಂದೂ ಪುಡಿಪುಡಿ. ಕೊನೆಗೆ ಎಲ್ಲವನ್ನೂ ಕೆದಕಿ, ಅನ್ನದ ಮೇಲೆ ಹಾಕಿ ಬಡಿಸಿದೆ. ಮಕ್ಕಳು ತಿಂದರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಅಷ್ಟು ಮಾಂಸ, ಅಷ್ಟು ಹಾಲು, ಎಲ್ಲಾ ಸರಿಯಾಗಿದ್ದೂ ಅವಸರದಿಂದ ಕೆಟ್ಟಿತಲ್ಲ ಅಂತ.

ಈಗ ನಾನು ಮಾಡುವ ಅಳತೆ ಹೇಳುತ್ತೇನೆ. ಕೈಮಾ 2 ಪೌಂಡ್, ಅಂದರೆ ಸುಮಾರು 900 ಗ್ರಾಂ. ಇಲ್ಲಿ ಪ್ಯಾಕೆಟ್ ಮೇಲೆ 80/20 ಅಂತ ಇರುತ್ತದೆ, ನೂರರಲ್ಲಿ ಇಪ್ಪತ್ತು ಪಾಲು ಕೊಬ್ಬು. ಅದನ್ನೇ ತನ್ನಿ. ಕೊಬ್ಬು ಕಡಿಮೆ ಇರುವುದಕ್ಕೆ ಬೆಲೆ ಜಾಸ್ತಿ, ರುಚಿ ಕಡಿಮೆ, ಗ್ರೇವಿಗೆ ಬೇಕಾದ ಜಿಡ್ಡೂ ಸಿಗುವುದಿಲ್ಲ. ಸಾಲ್ಟೀನ್ ಕ್ರ್ಯಾಕರ್ ಅಂತ ಉಪ್ಪಿನ ಬಿಸ್ಕತ್ತು ಸಿಗುತ್ತದೆ, ಅದು 25. ಹಾಲು ಮುಕ್ಕಾಲು ಕಪ್. ಒಂದು ಈರುಳ್ಳಿ, ಆದಷ್ಟು ಸಣ್ಣಗೆ ಹೆಚ್ಚಿದ್ದು. ಉಪ್ಪು ಒಂದು ಟೀ ಚಮಚ ಸಾಕು, ಬಿಸ್ಕತ್ತಿನಲ್ಲೇ ಉಪ್ಪಿದೆ. ಕಾಳುಮೆಣಸಿನ ಪುಡಿ ಅರ್ಧ ಚಮಚ.

ಮೊದಲು ಬಿಸ್ಕತ್ತನ್ನು ಪುಡಿ ಮಾಡಿ ಹಾಲಿನಲ್ಲಿ ಹತ್ತು ನಿಮಿಷ ನೆನೆಸುತ್ತೇನೆ. ಅದು ಹಾಲು ಕುಡಿದು ಮೆತ್ತಗಾಗುತ್ತದೆ. ಆಮೇಲೆ ಈರುಳ್ಳಿ, ಉಪ್ಪು, ಮೆಣಸು. ಕೈಮಾ ಕೊನೆಗೆ. ಈ ಬಿಸ್ಕತ್ತು ಸುಮ್ನೆ ಗಾತ್ರ ಹೆಚ್ಚಿಸಲಿಕ್ಕೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಬೇಯುವಾಗ ಮಾಂಸ ಬಿಗಿದುಕೊಂಡು ತನ್ನ ನೀರನ್ನು ಹೊರಗೆ ಹಿಂಡುತ್ತದೆ. ನೆನೆದ ಬಿಸ್ಕತ್ತು ಮಾಂಸದ ಎಳೆಗಳ ಮಧ್ಯೆ ಕೂತು ಅಷ್ಟು ಬಿಗಿಯಲು ಬಿಡುವುದಿಲ್ಲ, ನೀರನ್ನೂ ಹಿಡಿದಿಡುತ್ತದೆ. ಊರಲ್ಲಿ ಅಮ್ಮ ಕಟ್ಲೆಟ್ ಮಾಡುವಾಗ ಹಳೆಯ ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ, ಮುಷ್ಟಿಯಲ್ಲಿ ಹಿಂಡಿ ಹಾಕುತ್ತಿದ್ದರು. “ಬ್ರೆಡ್ ಹಾಕಿದರೆ ಮೆತ್ತಗಿರುತ್ತದೆ” ಅನ್ನುತ್ತಿದ್ದರು. ಎಷ್ಟೋ ಸಾವಿರ ಮೈಲಿ ದೂರದ ಎರಡು ಅಡುಗೆಮನೆಗಳು ಒಂದೇ ಉಪಾಯ ಕಂಡುಕೊಂಡಿವೆ ಅಂತ ಗೊತ್ತಾದ ದಿನ ನಾನು ಅಮ್ಮನಿಗೆ ಫೋನ್ ಮಾಡಿದೆ.

ಕಲಸುವುದು ಬೆರಳ ತುದಿಯಲ್ಲಿ. ಚಪಾತಿ ಹಿಟ್ಟಿನ ಹಾಗೆ ನಾದಬಾರದು. ಉಪ್ಪು ಬಿದ್ದ ಕೈಮಾವನ್ನು ನಾದಿದರೆ ಅಂಟಂಟಾಗಿ, ಬೆಂದ ಮೇಲೆ ರಬ್ಬರಿನ ಹಾಗೆ ಆಗುತ್ತದೆ. ಎಲ್ಲಾ ಸೇರಿತು ಅನ್ನಿಸಿದ ಕೂಡಲೇ ಕೈ ತೆಗೆಯಿರಿ. 9ಕ್ಕೆ 13 ಇಂಚಿನ ಟ್ರೇಗೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ತಟ್ಟುತ್ತೇನೆ. ಕೈ ಒದ್ದೆ ಮಾಡಿಕೊಂಡರೆ ಅಂಟುವುದಿಲ್ಲ. ಮೂಲೆಗಳನ್ನು ಒತ್ತಿ ತುಂಬಿಸಿ, ಇಲ್ಲದಿದ್ದರೆ ಮೂಲೆಯ ತುಂಡುಗಳು ತೆಳ್ಳಗಾಗಿ ಒಣಗುತ್ತವೆ. ಮುಚ್ಚಿ ಫ್ರಿಜ್ಜಿಗೆ. ರಾತ್ರಿಯಿಡೀ ತಣ್ಣಗಿದ್ದಾಗ ಕೊಬ್ಬು ಗಟ್ಟಿಯಾಗುತ್ತದೆ, ಬಿಸ್ಕತ್ತು ಉಳಿದ ನೀರನ್ನು ಹೀರುತ್ತದೆ. ಬೆಳಿಗ್ಗೆ ಮುಟ್ಟಿ ನೋಡಿ, ಇಡೀ ಹಲಗೆ ಒಂದಾಗಿರುತ್ತದೆ. ಆದರೆ ಹಸಿ ಕೈಮಾವನ್ನು ಎರಡು ದಿನಕ್ಕಿಂತ ಜಾಸ್ತಿ ಇಡಬೇಡಿ.

ಮರುದಿನ ಪೇಪರ್ ಸಮೇತ ಎತ್ತಿ ಹನ್ನೆರಡು ತುಂಡು ಮಾಡುತ್ತೇನೆ. ಒಂದೊಂದನ್ನೂ ಮೈದಾದಲ್ಲಿ ಹೊರಳಿಸಿ, ಹೆಚ್ಚಾದ ಹಿಟ್ಟು ಕೊಡವುತ್ತೇನೆ. ಬೀಡಿನ ಬಾಣಲೆ ಚೆನ್ನಾಗಿ ಕಾಯಬೇಕು. ಎರಡು ಚಮಚ ಎಣ್ಣೆ. ಒಂದು ಸಲಕ್ಕೆ ನಾಲ್ಕೇ ತುಂಡು. ಬಾಣಲೆ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತವೆ, ಕಂದು ಬಣ್ಣ ಬರುವುದಿಲ್ಲ. ಹಾಕಿದ ಮೇಲೆ ಮೂರು ನಿಮಿಷ ಅಲ್ಲಾಡಿಸಬಾರದು. ಅಡಿ ಚೆನ್ನಾಗಿ ಹುರಿದಾಗ ತುಂಡು ತಾನೇ ಬಾಣಲೆ ಬಿಡುತ್ತದೆ. ಎಳೆದು ತೆಗೆಯಬೇಕಾಗಿ ಬಂದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ. ಒಳಗೆ ಹಸಿ ಇದ್ದರೂ ಪರವಾಗಿಲ್ಲ, ಒಲೆಯ ಮೇಲೆ ಬರೀ ಬಣ್ಣಕ್ಕಾಗಿ.

ಇನ್ನು ಗ್ರೇವಿ. ಇಲ್ಲಿ ಸ್ವಲ್ಪ ನಿಧಾನ ಮಾಡಿ. ನಾವು ಗ್ರೇವಿ ಅಂದರೆ ತೆಂಗಿನಕಾಯಿ ಅರೆದದ್ದೋ ಟೊಮೆಟೊ ಹುರಿದದ್ದೋ ಅಂದುಕೊಳ್ಳುತ್ತೇವೆ. ಇದು ಬೇರೆ. ಮಾಂಸ ಹುರಿದ ಜಿಡ್ಡಿನಲ್ಲಿ ಮೈದಾ ಹುರಿದು, ಹಾಲು ಹೊಯ್ದು ಮಂದ ಮಾಡುವುದು. ಲ್ಯಾಂಕಾಸ್ಟರಿನ ಹೊಲಮನೆಗಳಲ್ಲಿ ಹಾಲು, ಹಿಟ್ಟು, ಆಲೂಗಡ್ಡೆ, ಈರುಳ್ಳಿ ಯಾವಾಗಲೂ ಇರುವ ವಸ್ತು. ಊಟ ಹುಟ್ಟಿದ್ದೇ ಅದರಿಂದ.

ಹುರಿದಾದ ಮೇಲೆ ಬಾಣಲೆಯ ತಳ ನೋಡಿ. ಕಂದು ಬಣ್ಣದ ಪದರ ಹಿಡಿದಿರುತ್ತದೆ, ಅಲ್ಲಲ್ಲಿ ಹುರಿದ ಹಿಟ್ಟಿನ ಚೂರು. ಮೊದಮೊದಲು ಅದನ್ನು ನಾನು ಸಿಂಕಿಗೆ ಹಾಕಿ ಉಜ್ಜಿದ್ದೆ. ಇಡೀ ಅಡುಗೆಯ ರುಚಿ ಇರುವುದೇ ಅದರಲ್ಲಿ. ಕಪ್ಪಾಗಿ ಸೀದಿದ್ದರೆ ಮಾತ್ರ ತೊಳೆಯಿರಿ, ಕಹಿ ಬರುತ್ತದೆ. ಮೂರು ದೊಡ್ಡ ಚಮಚ ಜಿಡ್ಡು ಉಳಿಸಿ, ಮಿಕ್ಕದ್ದನ್ನು ಬಟ್ಟಲಿಗೆ ಬಗ್ಗಿಸುತ್ತೇನೆ. ಹೆಚ್ಚಿದ ಅಣಬೆ ಒಂದು ಪೆಟ್ಟಿಗೆ, 225 ಗ್ರಾಂ ಇರುತ್ತದೆ. ಅದು ನೀರು ಬಿಟ್ಟು, ಆ ನೀರು ಇಂಗಿ, ಅಂಚು ಕಂದಾಗುವವರೆಗೆ ಹುರಿಯುತ್ತೇನೆ. ಆಗ ಮೂರು ದೊಡ್ಡ ಚಮಚ ಮೈದಾ ಉದುರಿಸಿ, ಹಸಿ ವಾಸನೆ ಹೋಗುವ ತನಕ ಎರಡು ನಿಮಿಷ ಕೈಯಾಡಿಸುವುದು.

ಆಮೇಲೆ ಹಾಲು, ಎರಡು ಕಪ್. ಒಮ್ಮೆಲೇ ಸುರಿಯಬಾರದು. ಮೊದಲು ಕಾಲು ಕಪ್ ಹಾಕಿ ತಿರುವಿದರೆ ಗಟ್ಟಿ ಮುದ್ದೆಯಾಗುತ್ತದೆ. ಹೆದರಬೇಡಿ. ಇನ್ನೊಂದು ಕಾಲು ಕಪ್. ಸಡಿಲವಾಗುತ್ತದೆ. ಹೀಗೆ ಬಿಡಿಸುತ್ತಾ ಹೋಗುವುದು, ತಳ ಕೆರೆಯುತ್ತಾ. ಕೊನೆಗೆ ಅರ್ಧ ಕಪ್ ನೀರು. ನಾನು ಒಂದು ಸಲ ಕುದಿಯುವ ಹಾಲಿಗೆ ಒಣ ಮೈದಾ ಉದುರಿಸಿದ್ದೆ, ಪೂರಾ ಗಂಟು. ರಾಗಿ ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡುತ್ತೇವಲ್ಲ, ಅದೇ ಕಾರಣ. ಒಣ ಹಿಟ್ಟು ಬಿಸಿಗೆ ಬಿದ್ದರೆ ಹೊರಮೈ ಬೆಂದು, ಒಳಗೆ ಪುಡಿಯೇ ಉಳಿದು ಗಂಟಾಗುತ್ತದೆ. ಇಲ್ಲಿ ಜಿಡ್ಡು ಹಿಟ್ಟಿನ ಕಣಗಳನ್ನು ಬೇರೆ ಬೇರೆ ಇಟ್ಟಿರುತ್ತದೆ, ಹಾಗಾಗಿ ಗಂಟು ಕಟ್ಟುವುದಿಲ್ಲ.

ಹದ ನೋಡುವುದು ಸೌಟಿನ ಬೆನ್ನಿನಲ್ಲಿ. ಗ್ರೇವಿ ಅಂಟಿದ ಸೌಟಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಸರಿ. ದೋಸೆ ಹಿಟ್ಟಿಗಿಂತ ತೆಳ್ಳಗೆ, ಮಜ್ಜಿಗೆಗಿಂತ ಗಟ್ಟಿ ಇರಲಿ, ಓವನ್ನಿನಲ್ಲಿ ಇನ್ನೂ ಮಂದವಾಗುತ್ತದೆ. ಇಷ್ಟೆಲ್ಲಾ ಮಾಡಲು ಪುರುಸೊತ್ತಿಲ್ಲದ ದಿನ ಡಬ್ಬಿಯ ಮಶ್ರೂಮ್ ಸೂಪ್ ಸುರಿದರೂ ತಪ್ಪಿಲ್ಲ. ಕ್ಯಾಂಪ್ಬೆಲ್ ಕಂಪನಿಯ ಆ ಸೂಪ್ 1934ರಿಂದ ಸಿಗುತ್ತಿದೆ, ಆಮಿಶ್ ಹೆಂಗಸರೂ ಬಳಸುತ್ತಾರೆ. ನನಗೆ ಅದರಲ್ಲಿ ಉಪ್ಪು ಜಾಸ್ತಿ ಅನ್ನಿಸುತ್ತದೆ. ಡಬ್ಬಿ ಹಾಕಿದ ದಿನ ಕೈಮಾಕ್ಕೆ ಅರ್ಧ ಚಮಚ ಉಪ್ಪು ಸಾಕು.

ತುಂಡುಗಳನ್ನು ಟ್ರೇಯಲ್ಲಿ ಜೋಡಿಸಿ, ಗ್ರೇವಿ ಮೇಲೆ ಹೊಯ್ದು, ಫಾಯಿಲ್ ಬಿಗಿದು, 325 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಒಂದು ಗಂಟೆ. ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 163. ಕೈಮಾ ಒಳಗಡೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾನು ಇದರಲ್ಲಿ ಅಂದಾಜು ನಂಬುವುದಿಲ್ಲ. ಇಡೀ ಮಾಂಸದ ತುಂಡಿನಲ್ಲಿ ಕ್ರಿಮಿ ಇರುವುದು ಹೆಚ್ಚಾಗಿ ಹೊರಮೈಯಲ್ಲಿ. ಅರೆದಾಗ ಅದು ಒಳಗೆಲ್ಲಾ ಸೇರುತ್ತದೆ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದು ತಂದಿಟ್ಟುಕೊಳ್ಳಿ.

ಓವನ್ ಕೆಲಸ ಮಾಡುವಾಗ ಆಲೂಗಡ್ಡೆ ಬೇಯಿಸಿ, ಬೆಣ್ಣೆ, ಬಿಸಿ ಹಾಲು ಹಾಕಿ ಹಿಸುಕುತ್ತೇನೆ. ತಟ್ಟೆಯಲ್ಲಿ ಆಲೂ ಗುಡ್ಡೆ, ಮಧ್ಯೆ ಸೌಟಿನಿಂದ ಗುಂಡಿ, ಗುಂಡಿಯಲ್ಲಿ ಗ್ರೇವಿ. ಪಕ್ಕದಲ್ಲಿ ಬೀನ್ಸ್. ಜೊತೆಗೆ ಚೌ-ಚೌ ಅಂತ ಒಂದು ಉಪ್ಪಿನಕಾಯಿ ಇಲ್ಲಿ ಸಿಗುತ್ತದೆ, ನಮ್ಮ ಚೌಚೌ ಬಾತಿಗೂ ಅದಕ್ಕೂ ಸಂಬಂಧ ಇಲ್ಲ. ಕೋಸು, ಬೀನ್ಸ್, ಕಾಳು ಎಲ್ಲಾ ವಿನೆಗರ್, ಸಕ್ಕರೆಯಲ್ಲಿ ಹಾಕಿದ್ದು. ಲ್ಯಾಂಕಾಸ್ಟರ್ ಪೇಟೆಯ ಸೆಂಟ್ರಲ್ ಮಾರ್ಕೆಟ್ಟಿನಿಂದ ತರುತ್ತೇನೆ. 1889ರ ಕಟ್ಟಡ, ಮಂಗಳವಾರ, ಶುಕ್ರವಾರ, ಶನಿವಾರ ತೆರೆದಿರುತ್ತದೆ. ಆ ಹುಳಿಸಿಹಿ ಇದ್ದರೆ ಹಾಲಿನ ಗ್ರೇವಿ ಬಾಯಿಗೆ ಭಾರ ಅನ್ನಿಸುವುದಿಲ್ಲ.

ಮಸಾಲೆಯ ವಿಷಯ ಹೇಳಲೇಬೇಕು. ಮೂರನೇ ಸಲ ಮಾಡುವಾಗ ಕೈ ತಡೆಯಲಿಲ್ಲ, ಗರಂ ಮಸಾಲೆ ಒಂದು ಚಮಚ ಹಾಕಿದೆ. ಅಣಬೆಯ ರುಚಿ ಹೋಯಿತು, ಹುರಿದ ಹಿಟ್ಟಿನ ಪರಿಮಳ ಹೋಯಿತು, ಹಾಲಿಗೂ ಲವಂಗಕ್ಕೂ ಹೊಂದಲಿಲ್ಲ. ಖಾರ ಬೇಕಿದ್ದರೆ ಕಾಳುಮೆಣಸು ಜಾಸ್ತಿ ಮಾಡಿ, ಅದೂ ಆಗಷ್ಟೇ ಕುಟ್ಟಿದ್ದು, ಗ್ರೇವಿ ಇಳಿಸುವ ಮೊದಲು. ನನ್ನ ಗಂಡನಿಗೆ ತಟ್ಟೆಯ ಪಕ್ಕದಲ್ಲಿ ಒಂದು ಹಸಿಮೆಣಸು ಇಡುತ್ತೇನೆ. ಅವರು ಕಚ್ಚಿಕೊಳ್ಳುತ್ತಾರೆ, ಗ್ರೇವಿ ಹಾಗೇ ಇರುತ್ತದೆ.

ಖರ್ಚಿನ ಲೆಕ್ಕ ಇದು. ದೊಡ್ಡ ಪ್ಯಾಕೆಟ್ ತಂದು ಭಾಗ ಮಾಡಿ ಫ್ರೀಜರಿನಲ್ಲಿಟ್ಟರೆ ಎರಡು ಪೌಂಡ್ ಕೈಮಾ ನನಗೆ ಸುಮಾರು 11 ಡಾಲರಿಗೆ ಬೀಳುತ್ತದೆ. ಅಣಬೆ, ಹಾಲು, ಬಿಸ್ಕತ್ತು, ಆಲೂಗಡ್ಡೆ, ಬೀನ್ಸ್ ಸೇರಿ ಇನ್ನೊಂದು 8 ಡಾಲರ್. ನಾವು ನಾಲ್ಕು ಜನ. ದೊಡ್ಡವರಿಗೆ ಎರಡು, ಮಕ್ಕಳಿಗೆ ಒಂದೊಂದು, ಹೀಗೆ ಎರಡು ರಾತ್ರಿ ಊಟ. ಹೊರಗೆ ಹೋಗಿ ನಾಲ್ಕು ಬರ್ಗರ್ ತಿಂದರೆ ಅದಕ್ಕಿಂತ ಜಾಸ್ತಿ ಆಗುತ್ತದೆ, ಅಲ್ವಾ? ಕೈಮಾದ ಬೆಲೆ ಈಚೆಗೆ ಏರಿದ ಮೇಲಂತೂ ಈ ಬಿಸ್ಕತ್ತು-ಹಾಲಿನ ಉಪಾಯ ನಮ್ಮ ಮನೆಯನ್ನು ಕಾಪಾಡಿದೆ.

ಮಂಗಳೂರಿನಲ್ಲಿ ಅಕ್ಕ ಇದನ್ನು ಕುರಿ ಕೈಮಾದಲ್ಲಿ ಮಾಡಿ ನೋಡಿದಳು. ಅವಳ ಹತ್ತಿರ ಓವನ್ ಇಲ್ಲ. ಕ್ರ್ಯಾಕರ್ ಬದಲು ರಸ್ಕ್ ಪುಡಿ ಹಾಕಿದಳು. ಸಿಹಿ ಇಲ್ಲದ ರಸ್ಕ್ ನೋಡಿ ತರಬೇಕು. ಹುರಿದ ತುಂಡುಗಳನ್ನು ಗ್ರೇವಿಯಲ್ಲಿ ಮುಳುಗಿಸಿ, ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ನಲವತ್ತು ನಿಮಿಷ ಮುಚ್ಚಿಟ್ಟಳು. ತಳ ಹಿಡಿಯುತ್ತಿದೆ ಅನ್ನಿಸಿದಾಗ ಪಾತ್ರೆಯ ಕೆಳಗೆ ಕಾವಲಿ ಇಟ್ಟಳಂತೆ. ನಾನು ಹೇಳದಿದ್ದರೂ ಅವಳಿಗೆ ಹೊಳೆದ ಉಪಾಯ ಅದು. ಅಡುಗೆ ಚೆನ್ನಾಗಿ ಬಂತು.

ಮರುದಿನ ಬಿಸಿ ಮಾಡುವಾಗ ಗ್ರೇವಿ ಗಟ್ಟಿ ಮೊಸರಿನ ಹಾಗೆ ನಿಂತಿರುತ್ತದೆ. ಕೆಟ್ಟಿದೆ ಅಂತ ಎಸೆಯಬೇಡಿ. ನಾಲ್ಕು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಮೊದಲಿನ ಹದಕ್ಕೇ ಬರುತ್ತದೆ.