ನೂನ್ ಚಾಯ್: ಬಣ್ಣ ಬರುವವರೆಗೆ ಸೌಟು ಬಿಡಬೇಡಿ

ನಮ್ಮ ಮನೆಯಲ್ಲಿ ಟೀ ಅಂದರೆ ಐದು ನಿಮಿಷದ ಕೆಲಸ. ಸಕ್ಕರೆ, ಜಜ್ಜಿದ ಶುಂಠಿ, ಒಂದು ಕುದಿ, ಮುಗಿಯಿತು. ಅಂಥವಳು ಒಂದೂವರೆ ಗಂಟೆ ಒಲೆ ಮುಂದೆ ನಿಂತು ಉಪ್ಪು ಹಾಕಿದ ಗುಲಾಬಿ ಬಣ್ಣದ ಟೀ ಮಾಡುತ್ತೇನೆ ಅಂತ ಅಂದುಕೊಂಡಿರಲೇ ಇಲ್ಲ.

ನಮ್ಮವರಿಗೆ ಶ್ರೀನಗರಕ್ಕೆ ವರ್ಗವಾಗಿ ಮೂರು ವರ್ಷ ಅಲ್ಲಿದ್ದೆವು. ರೈನಾವಾರಿಯಲ್ಲಿ ಬಾಡಿಗೆ ಮನೆ. ಕೆಳಗೆ ಮನೆಯ ಒಡತಿ, ಮೇಲೆ ನಾವು. ಅವರನ್ನು ನಾನು ಆಪಾ, ಅಂದರೆ ಅಕ್ಕ, ಅಂತಲೇ ಕರೆಯುತ್ತಿದ್ದೆ. ನೂನ್ ಚಾಯ್ ನೋಡಿದ್ದು ಅವರ ಅಡುಗೆಮನೆಯಲ್ಲಿ. ಸರಿಯಾಗಿ ಕೈಗೆ ಬಂದದ್ದು ಮಾತ್ರ ಬೆಂಗಳೂರಿಗೆ ವಾಪಸ್ ಬಂದು, ಏಳೆಂಟು ಸಲ ಕೆಡಿಸಿದ ಮೇಲೆ.

ನೂನ್ ಅಂದರೆ ಕಾಶ್ಮೀರಿಯಲ್ಲಿ ಉಪ್ಪು. ಕಾಶ್ಮೀರಿ ಪಂಡಿತರ ಮನೆಗಳಲ್ಲಿ ಇದಕ್ಕೆ ಶೀರ್ ಚಾಯ್ ಅನ್ನುತ್ತಾರೆ. ಶೀರ್ ಅಂದರೆ ಹಾಲು. ಹೊರಗಿನವರಿಗೆ ಗೊತ್ತಿರುವುದು ಕೇಸರಿ, ದಾಲ್ಚಿನ್ನಿ ಹಾಕಿದ ಕಹ್ವಾ. ಅದು ನೆಂಟರು ಬಂದಾಗ, ಮದುವೆ ಮನೆಯಲ್ಲಿ. ದಿನ ನಡೆಯುವುದು ನೂನ್ ಚಾಯ್ ಮೇಲೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ನಂತರ ಇನ್ನೊಮ್ಮೆ. ಜತೆಗೆ ಕಾಂದುರ್ ಅಂಗಡಿಯ ರೊಟ್ಟಿ ಇರಲೇಬೇಕು. ಕಾಂದುರ್ ಅಂದರೆ ಬೀದಿಬೀದಿಗೂ ಇರುವ ತಂದೂರಿನ ರೊಟ್ಟಿಯವನು. ಬೆಳಿಗ್ಗೆ ಬೆರಳಿನ ಗೆರೆ ಮೂಡಿದ ದಪ್ಪ ಗಿರ್ದಾ, ಮಧ್ಯಾಹ್ನಕ್ಕೆ ಎಳ್ಳು ಉದುರಿಸಿದ ಚೋಚ್‌ವೋರ್. ಡಿಸೆಂಬರ್ 21ಕ್ಕೆ ಚಿಲ್ಲೈ ಕಲಾನ್ ಶುರುವಾಗುತ್ತದೆ, 40 ದಿನದ ಕಡು ಚಳಿ. ಆಗ ನಲ್ಲಿಯ ನೀರೂ ಹೆಪ್ಪುಗಟ್ಟುತ್ತದೆ. ಫೆರನ್ ಅನ್ನುವ ಸಡಿಲ ನಿಲುವಂಗಿಯ ಒಳಗೆ ಕಾಂಗ್ಡಿ, ಅಂದರೆ ಕೆಂಡದ ಬುಟ್ಟಿ, ಇಟ್ಟುಕೊಂಡು ಕೂತು, ಬಿಸಿ ನೂನ್ ಚಾಯ್‌ಗೆ ಗಿರ್ದಾ ಅದ್ದಿ ತಿಂದಾಗ ಅದರಲ್ಲಿ ಉಪ್ಪೇ ಯಾಕೆ, ಕೆನೆ ಯಾಕೆ ಅಂತ ನನ್ನ ಹೊಟ್ಟೆಗೇ ಅರ್ಥವಾಯಿತು. ಅದು ಬಾಯಾರಿಕೆಗೆ ಕುಡಿಯುವ ಟೀ ಅಲ್ಲ. ಅರ್ಧ ಊಟ.

ಇನ್ನು ಬಣ್ಣದ ವಿಷಯ. ಇದರಲ್ಲಿ ಗುಲಾಬಿ ಹೂವೂ ಇಲ್ಲ, ಬಣ್ಣದ ಪುಡಿಯೂ ಇಲ್ಲ. ಹಸಿರು ಟೀ ಎಲೆ, ನೀರು, ಚಿಟಿಕೆ ಅಡುಗೆ ಸೋಡಾ, ಅಷ್ಟೇ. ಸೋಡಾಕ್ಕೆ ಆಪಾ ಫುಲ್ ಅನ್ನುತ್ತಿದ್ದರು. ಹಿಂದೆ ಲಡಾಖಿನ ನುಬ್ರಾ ಕಡೆಯ ನೆಲದಲ್ಲಿ ಸಿಗುವ ಸೋಡಾ ಬಳಸುತ್ತಿದ್ದರಂತೆ. ಟೀ ಎಲೆಯೂ ಇಟ್ಟಿಗೆಯಂತೆ ಅಚ್ಚು ಹಾಕಿಸಿಕೊಂಡು ಅದೇ ಲಡಾಖಿನ ಹಾದಿಯಲ್ಲಿ ಕಣಿವೆಗೆ ಇಳಿಯುತ್ತಿತ್ತು. ಲಡಾಖಿನಲ್ಲಿ ಇವತ್ತಿಗೂ ಉಪ್ಪು, ಬೆಣ್ಣೆ ಹಾಕಿ ಕಡೆಯುವ ಗುರ್‌ಗುರ್ ಚಹಾ ಇದೆ. ನೂನ್ ಚಾಯ್ ಅದಕ್ಕೆ ನೆಂಟ ಅಂತಲೇ ನನಗೆ ಅನಿಸುತ್ತದೆ.

ಹಸಿರು ಎಲೆ ಕೆಂಪು ಹೇಗೆ ಕೊಡುತ್ತದೆ? ಇದು ನನಗೆ ತಿಳಿದದ್ದು ಊರಿನಲ್ಲಿ, ಅಮ್ಮ ಎಲೆ ಅಡಿಕೆ ಹಾಕಿಕೊಳ್ಳುವಾಗ. ನಾನು ಸಾಗರದ ಕಡೆಯವಳು. ಬರೀ ಅಡಿಕೆ ಅಗಿದರೆ ಬಾಯಿ ಅಷ್ಟೇನೂ ಕೆಂಪಾಗುವುದಿಲ್ಲ. ಸುಣ್ಣ ತಾಗಿದ ಮೇಲೆ ರಂಗೇರುತ್ತದೆ. ಅಡಿಕೆಯ ಒಗರಿನ ಅಂಶಕ್ಕೆ ಸುಣ್ಣದ ಕ್ಷಾರ ಸಿಕ್ಕಿ, ಗಾಳಿ ಆಡಿದಾಗ ಬರುವ ಬಣ್ಣ ಅದು. ಟೀ ಎಲೆಯಲ್ಲೂ ಅದೇ ಜಾತಿಯ ಒಗರು ಇದೆ. ಸುಣ್ಣದ ಜಾಗದಲ್ಲಿ ಇಲ್ಲಿ ಸೋಡಾ. ಉಳಿದದ್ದು ಗಾಳಿ. ಈ ಗಾಳಿಯನ್ನೇ ನಾನು ಏಳೆಂಟು ಸಲ ಮರೆತಿದ್ದೆ.

ಮೊದಲ ಸಲ ಮನೆಯಲ್ಲಿದ್ದ ಸಾಮಾನ್ಯ ಟೀ ಪುಡಿಯಲ್ಲೇ ಮಾಡಿದೆ. ಮಾಮೂಲಿ ಟೀ ಬಣ್ಣವೇ ಬಂತು. ಅದು ಕಾರ್ಖಾನೆಯಲ್ಲೇ ಪೂರ್ತಿ ಕಪ್ಪಾಗಿ ಬಂದ ಪುಡಿ, ಅದರಿಂದ ಗುಲಾಬಿ ಹೊರಡುವುದಿಲ್ಲ. ಆಮೇಲೆ ಗ್ರೀನ್ ಟೀ ಚೀಲಗಳನ್ನು ಹರಿದು ಹಾಕಿದೆ. ಕಹಿ ಬಂತು, ಬಣ್ಣ ಇಲ್ಲ. ಮೂರನೇ ಸಲ ಸರಿಯಾದ ಎಲೆ ತಂದೆ, ಆದರೆ ಇಪ್ಪತ್ತು ನಿಮಿಷಕ್ಕೇ ಆತುರಪಟ್ಟೆ. ಬಣ್ಣ ಬರಲಿಲ್ಲ ಅಂತ ಇನ್ನೊಂದು ಚಿಟಿಕೆ ಸೋಡಾ ಹಾಕಿದೆ. ಅದಕ್ಕೂ ಬರಲಿಲ್ಲ ಅಂತ ಮತ್ತೊಂದು. ಕುಡಿದರೆ ಸೋಪಿನ ನೀರು. ಎಲ್ಲ ಚೆಲ್ಲಿದೆ.

ಆಗ ಆಪಾಗೆ ಫೋನ್ ಮಾಡಿದೆ. ವಿಡಿಯೋದಲ್ಲಿ ಪಾತ್ರೆ ತೋರಿಸಿದೆ. ಅವರು ನೋಡಿದ್ದು ಪಾತ್ರೆಯನ್ನಲ್ಲ, ನನ್ನ ಕೈಯನ್ನು. "ಸೌಟು ಎಲ್ಲಿ ಬೇಟಾ?" ಅಂದರು. ಸೌಟು ಪಕ್ಕದಲ್ಲಿ ಒರಗಿಸಿಟ್ಟಿದ್ದೆ. "ಎತ್ತಿ ಹಾಕು, ಎತ್ತಿ ಹಾಕು, ಇನ್ನೂ ಮೇಲಿಂದ. ಸೋಡಾ ಡಬ್ಬ ಮುಚ್ಚಿಡು."

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ನಾಲ್ಕು ಲೋಟಕ್ಕೆ ಅಳತೆ.

ಎಲೆ ಮೂರು ಟೀ ಚಮಚ, ತುಂಬಿ. ಕಾಶ್ಮೀರಿ ಚಹಾ ಎಲೆ ಸಿಕ್ಕರೆ ಅದೇ. ಒರಟಾಗಿ, ಕಡ್ಡಿ ಸಮೇತ ಇರುತ್ತದೆ. ಸಿಗದಿದ್ದರೆ ಉಂಡೆ ಉಂಡೆಯಾಗಿ ಸುರುಟಿದ ಹಸಿರು ಟೀ ಎಲೆಯಲ್ಲೂ ನನಗೆ ಚೆನ್ನಾಗಿ ಬಂದಿದೆ. ಕಹ್ವಾ ಮಿಶ್ರಣ ಬೇಡ, ಅದರಲ್ಲಿ ಮಸಾಲೆ ಸೇರಿರುತ್ತದೆ. ನೀರು ಮೂರು ಲೋಟ. ಅಡುಗೆ ಸೋಡಾ ಕಾಲು ಟೀ ಚಮಚ, ಅದೂ ತಲೆ ತಟ್ಟಿ ಸಮ ಮಾಡಿದ್ದು. ಒಂದು ಕಾಳೂ ಜಾಸ್ತಿ ಬೇಡ.

ಪಾತ್ರೆ ಸ್ಟೀಲಿನದು, ತಳ ದಪ್ಪ ಇರುವುದು, ಎತ್ತರ ಇರುವುದು. ಅಲ್ಯೂಮಿನಿಯಂ ಬೇಡವೇ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಆಪಾ ಮನೆಯಲ್ಲಿ ಕಲಾಯಿ ಹಾಕಿದ ತಾಮ್ರದ ಪಾತ್ರೆ ಇತ್ತು. ಹಬ್ಬಕ್ಕೆ, ಜನ ಜಾಸ್ತಿ ಬಂದಾಗ ಸಮಾವಾರ್ ಹೊರಗೆ ಬರುತ್ತಿತ್ತು. ಒಳಗೆ ನಡುವಿನ ಕೊಳವೆಯಲ್ಲಿ ಕೆಂಡ, ಸುತ್ತ ಚಹಾ. ನೀರಿನ ಬಗ್ಗೆಯೂ ಒಂದು ಮಾತು. ನಮ್ಮ ಬೋರ್‌ವೆಲ್ ಗಡಸು ನೀರಿನಲ್ಲಿ ಮಾಡಿದಾಗ ಮೇಲೆ ಪೊರೆ ಕಟ್ಟಿ ಬಣ್ಣ ಮಂಕಾಯಿತು. ಈಗ ಕುಡಿಯುವ ನೀರನ್ನೇ ಹಾಕುತ್ತೇನೆ.

ಎಲೆ, ನೀರು ಕುದಿ ಬಂದ ಮೇಲೆ ಸೋಡಾ. ಬುಸ್ ಅಂತ ನೊರೆ ಏಳುತ್ತದೆ, ಉಕ್ಕಿ ಒಲೆ ಮೇಲೆ ಬೀಳುತ್ತದೆ, ಉರಿ ಸಣ್ಣ ಮಾಡಿ ನಿಂತಿರಿ. ಆಮೇಲೆ ನಡು ಉರಿಯಲ್ಲಿ ಸುಮಾರು 40 ನಿಮಿಷ. ಈ ಹೊತ್ತಿನಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಸೌಟಿನಲ್ಲಿ ತುಂಬಿ, ಒಂದು ಮೊಳ ಮೇಲೆತ್ತಿ, ಧಾರೆಯಾಗಿ ಸುರಿಯಬೇಕು. ಹೋಟೆಲಿನಲ್ಲಿ ಕಾಫಿ ಎತ್ತಿ ಹೊಯ್ಯುತ್ತಾರಲ್ಲ, ಹಾಗೆ. ಮೊದಲು ಹಳದಿ. ಆಮೇಲೆ ಪಾಚಿ ಬಣ್ಣದ ಕಂದು, ಇಲ್ಲಿ ಎಲ್ಲರೂ ಧೈರ್ಯ ಕಳೆದುಕೊಳ್ಳುತ್ತಾರೆ. ನಾನೂ ಇಲ್ಲೇ ಸೋಡಾ ಡಬ್ಬಕ್ಕೆ ಕೈ ಹಾಕಿದ್ದು. ಸುಮ್ನೆ ಕಾಯಿರಿ. ಇನ್ನೂ ಕುದಿದರೆ ಇಟ್ಟಿಗೆ ಬಣ್ಣ ತಿರುಗುತ್ತದೆ. ನೊರೆಯ ಅಂಚು ನಸುಗೆಂಪಾಗುತ್ತದೆ. ಆಪಾ ನೋಡುತ್ತಿದ್ದದ್ದು ಆ ನೊರೆಯನ್ನೇ.

ಮೂರು ಲೋಟ ಒಂದು ಲೋಟಕ್ಕೆ ಇಳಿದಾಗ ಫ್ರಿಜ್‌ನ ತಣ್ಣೀರು ಎರಡು ಲೋಟ ಒಮ್ಮೆಲೇ ಸುರಿಯುತ್ತೇನೆ. ಶ್ರೀನಗರದ ಚಳಿಗಾಲದಲ್ಲಿ ನಲ್ಲಿ ನೀರೇ ಸಾಕಿತ್ತು. ಇನ್ನು ಮೇಲೆ ಸೌಟು ಕೆಳಗಿಡುವಂತಿಲ್ಲ. 15 ನಿಮಿಷ ಬಿಡದೆ ಎತ್ತಿ ಹೊಯ್ಯಬೇಕು. ತೋಳು ನೋಯುತ್ತದೆ, ಕೈ ಬದಲಾಯಿಸಿಕೊಳ್ಳಿ, ಮಕ್ಕಳಿದ್ದರೆ ಅವರಿಗೂ ಐದು ನಿಮಿಷ ಕೊಡಿ. ನೋಡ್ತಾ ನೋಡ್ತಾ ಕಷಾಯ ಕಡುಗೆಂಪಾಗುತ್ತದೆ. ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ಬಣ್ಣ. ಮೊದಲ ಸಲ ಅದು ಬಂದ ದಿನ ನಾನು ಒಲೆ ಆರಿಸದೆ ಅಮ್ಮನಿಗೆ ಫೋನ್ ಮಾಡಿದ್ದೆ.

ಆಗಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುವುದು ಸುಲಭ. ಬಿಳಿ ಬಟ್ಟಲಲ್ಲಿ ಎರಡು ಚಮಚ ಹಾಲು ಹಾಕಿ, ಅದಕ್ಕೆ ಒಂದು ಚಮಚ ಕಷಾಯ. ಗುಲಾಬಿ ಬಂದರೆ ಸರಿ. ಖಾಕಿ ಬಂದರೆ ಇನ್ನೊಂದಿಷ್ಟು ತಣ್ಣೀರು ಹಾಕಿ ಮತ್ತೆ ಒಲೆಗೆ. ಇಡೀ ಹಾಲು ಹಾಳು ಮಾಡುವುದಕ್ಕಿಂತ ಇದು ಒಳ್ಳೆಯದು, ಅಲ್ವಾ?

ಸೋಸಿದರೆ ಒಂದೂವರೆ ಲೋಟದಷ್ಟು ಕಷಾಯ ಸಿಗುತ್ತದೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇಡಬಹುದು. ಹಾಗಾಗಿ ಭಾನುವಾರ ಒಂದು ದಿನ ಕಷ್ಟಪಟ್ಟರೆ ವಾರದಲ್ಲಿ ಮೂರು ದಿನ ಆರಾಮ.

ಕುಡಿಯುವ ಹೊತ್ತಿಗೆ ಕಷಾಯಕ್ಕೆ ಅರ್ಧ ಲೋಟ ನೀರು, ಅರ್ಧ ಟೀ ಚಮಚ ಉಪ್ಪು ಹಾಕಿ ಬಿಸಿ ಮಾಡಿ, ಬೇರೆ ಪಾತ್ರೆಯಲ್ಲಿ ಕಾಯಿಸಿದ ಎರಡು ಲೋಟ ಗಟ್ಟಿ ಹಾಲನ್ನು ಸೇರಿಸುತ್ತೇನೆ. ಹಾಲು ತಾಜಾ ಇರಬೇಕು. ಹಿಂದಿನ ದಿನದ ಹಾಲಿಗೆ ಉಪ್ಪು ಬಿದ್ದು ಒಮ್ಮೆ ಒಡೆದಿತ್ತು. ಸೇರಿಸಿದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ, ಮತ್ತೆ ಸೌಟಿನಲ್ಲಿ ನಾಲ್ಕು ಸಲ ಎತ್ತಿ ಹೊಯ್ದರೆ ನೊರೆ ಬರುತ್ತದೆ. ಲೋಟಕ್ಕೆ ಬಗ್ಗಿಸಿ, ಮೇಲೆ ಒಂದು ಚಮಚ ಕೆನೆ. ಕೆನೆ ಇಲ್ಲದ ದಿನ ಒಂದಿಷ್ಟು ಬೆಣ್ಣೆ.

ಬಣ್ಣ ನೋಡಿ ರೋಸ್ ಮಿಲ್ಕ್ ನೆನೆಸಿಕೊಂಡು ಬಾಯಿಗಿಟ್ಟರೆ ಬೇಸರವಾಗುತ್ತದೆ. ಇದನ್ನು ತೆಳ್ಳನೆಯ ಸೂಪ್ ಅಂತ ಅಂದುಕೊಂಡು ಕುಡಿಯಿರಿ. ಮೂರನೇ ಗುಟುಕಿಗೆ ನಾಲಿಗೆ ಒಪ್ಪುತ್ತದೆ. ಪಾಕಿಸ್ತಾನದಲ್ಲಿ ಇದಕ್ಕೆ ಸಕ್ಕರೆ, ಪಿಸ್ತಾ, ಬಾದಾಮಿ ಚೂರು ಹಾಕಿ ಮದುವೆಗಳಲ್ಲಿ ಕೊಡುತ್ತಾರೆ. ಅದನ್ನು ಕಾಶ್ಮೀರಿ ಚಾಯ್ ಅನ್ನುತ್ತಾರೆ. ಅದೂ ರುಚಿಯೇ ಇರಬಹುದು, ಆದರೆ ಅದು ಬೇರೆ. ಸಕ್ಕರೆ ಹಾಕಿದರೆ ಎಲೆಯ ಆ ಮಣ್ಣಿನ ವಾಸನೆ ಕಾಣೆಯಾಗುತ್ತದೆ ಅಂತ ನನ್ನ ಅನಿಸಿಕೆ. ಕೃತಕ ಬಣ್ಣದ ಹನಿ ಹಾಕಿ ಗುಲಾಬಿ ಮಾಡುವುದನ್ನಂತೂ ನಾನು ಒಪ್ಪುವುದಿಲ್ಲ. ಒಂದೂವರೆ ಗಂಟೆ ಇಲ್ಲದಿದ್ದರೆ ಆ ದಿನ ಶುಂಠಿ ಟೀ ಕುಡಿಯೋಣ.

ಬಿಪಿ ಇರುವವರು ಸ್ವಲ್ಪ ನೋಡಿಕೊಳ್ಳಿ. ಉಪ್ಪಿನಲ್ಲೂ ಸೋಡಿಯಂ ಇದೆ, ಸೋಡಾದಲ್ಲೂ ಇದೆ. ನಮ್ಮ ಅಮ್ಮ ಬಂದಾಗ ಅವರ ಪಾಲಿನದು ಬೇರೆ ತೆಗೆದು, ಉಪ್ಪು ಹಾಕದೆ ಅರ್ಧ ಲೋಟ ಮಾತ್ರ ಕೊಡುತ್ತೇನೆ.

ಜತೆಗೆ ತಿನ್ನಲು ಬೆಂಗಳೂರಿನಲ್ಲಿ ಗಿರ್ದಾ ಎಲ್ಲಿಂದ ತರೋಣ? ರಸ್ಕ್ ಸಿಹಿ, ಹೊಂದುವುದಿಲ್ಲ. ಬೇಕರಿಯ ಖಾರ ಬಿಸ್ಕತ್ತು ಚೆನ್ನಾಗಿ ಹೊಂದುತ್ತದೆ. ಇನ್ನೂ ಚೆನ್ನಾಗಿ ಹೊಂದುವುದು ರಾತ್ರಿ ಉಳಿದ ಅಕ್ಕಿ ರೊಟ್ಟಿ. ಬೆಳಿಗ್ಗೆ ಕಾವಲಿ ಮೇಲೆ ಗರಿಗರಿ ಮಾಡಿ, ಮುರಿದು, ಅದ್ದಿ ತಿನ್ನಬೇಕು. ಆಪಾಗೆ ಇದನ್ನು ವಿಡಿಯೋದಲ್ಲಿ ತೋರಿಸಿದೆ. ಅಕ್ಕಿಯ ರೊಟ್ಟಿ ಅಂದಾಗ ಹತ್ತಿರ ಹಿಡಿದು ತೋರಿಸು ಅಂದರು. ಹೇಗೆ ತಟ್ಟುತ್ತೀಯ, ನೀರು ಎಷ್ಟು, ಬಿಸಿನೀರೋ ತಣ್ಣೀರೋ ಅಂತ ಒಂದೊಂದೇ ಕೇಳಿದರು. ಮುಂದಿನ ಶುಕ್ರವಾರ ಅವರ ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ. ಫೋನ್ ಈ ಕಡೆ ನಾನು ಹಿಡಿದಿರಬೇಕಂತೆ.