ಬಳ್ಳಾರಿಯಿಂದ ಗುಡ್‌ವುಡ್‌ಗೆ: ಹಳೇ ರೇಸು ಕಾರು ನೋಡಲು ಹೊರಡುವವರ ತಯಾರಿ

ಟಿಕೆಟ್ ತೆಗೆದು ವಿಮಾನ ಹತ್ತಿದರೆ ಮುಗಿಯಿತು ಎಂದುಕೊಂಡು ಇಂಗ್ಲೆಂಡಿನ ಹಳೇ ರೇಸು ಕಾರುಗಳ ಹಬ್ಬವಾದ ಗುಡ್‌ವುಡ್ ರಿವೈವಲ್‌ಗೆ ಹೋದವರು ಅರ್ಧ ರೇಸು ಮಾತ್ರ ನೋಡಿ ಬರುತ್ತಾರೆ. ಅಲ್ಲಿ ಕಾರುಗಳಷ್ಟೇ ಅಲ್ಲ, ನೋಡಲು ಬಂದವರೂ 1940ರಿಂದ 1966ರ ನಡುವಿನ ಕಾಲದ ಬಟ್ಟೆಯಲ್ಲಿರುತ್ತಾರೆ. ಕಾರುಗಳನ್ನು ಮೊಳದಂತರದಲ್ಲಿ ನೋಡುವ ಜಾಗವೆಂದರೆ ಪ್ಯಾಡಾಕ್. ಅದರೊಳಗೆ ಹೋಗಲು ಈ ಬಟ್ಟೆಯೂ ಟಿಕೆಟ್‌ನಷ್ಟೇ ಮುಖ್ಯ. ಹಾಗಾಗಿ ಸೆಪ್ಟೆಂಬರ್‌ನ ಈ ಪ್ರವಾಸದ ಕೆಲಸ ಶುರುವಾಗುವುದು ಹಿಂದಿನ ಚಳಿಗಾಲದಲ್ಲಿ. ಅದರಲ್ಲಿ ದೊಡ್ಡ ಪಾಲು ಬಳ್ಳಾರಿಯಲ್ಲೇ, ಟೈಲರ್ ಮೇಜಿನ ಮುಂದೆ ಮುಗಿಯುವಂಥದ್ದು.

ಜಾಗದ ಬಗ್ಗೆ ಎರಡು ಮಾತು. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರದ ಚಿಚೆಸ್ಟರ್ ಪಟ್ಟಣದ ಹೊರಗೆ, ಎರಡನೇ ಮಹಾಯುದ್ಧದಲ್ಲಿ ವೆಸ್ಟ್‌ಹ್ಯಾಂಪ್‌ನೆಟ್ ಎಂಬ ವಾಯುನೆಲೆ ಇತ್ತು. ಅದರ ಸುತ್ತ ಹಾಯ್ದಿದ್ದ ರಸ್ತೆಯೇ 1948ರ ಸೆಪ್ಟೆಂಬರ್ 18ರಂದು ರೇಸ್ ಟ್ರ್ಯಾಕ್ ಆಯಿತು. ಒಂದು ಸುತ್ತು ಸುಮಾರು 3.8 ಕಿಲೋಮೀಟರ್. 1966ರಲ್ಲಿ ರೇಸು ನಿಂತಿತು, 1998ರಲ್ಲಿ ರಿವೈವಲ್ ಹೆಸರಿನಲ್ಲಿ ಮತ್ತೆ ಶುರುವಾಯಿತು. ಅದಕ್ಕೇ 1966 ಅಲ್ಲಿನ ಗಡಿ, ಅದರ ಈಚಿನ ಕಾರಿಗೆ ರೇಸಿನಲ್ಲಿ ಜಾಗವಿಲ್ಲ. ಮದ್ರಾಸಿನ ಶೋಲಾವರಂ ರೇಸುಗಳ ನೆನಪಿರುವ ಹಿರಿಯರಿಗೆ ಇದು ಹೊಸದೆನಿಸದು, ಅಲ್ಲಿಯೂ ಕಾರು ಓಡಿದ್ದು ಯುದ್ಧಕಾಲದ ವಿಮಾನದ ರನ್‌ವೇ ಮೇಲೆಯೇ.

ಮೊದಲು ರೇಸಿನ ಟಿಕೆಟ್, ಕೊನೆಗೆ ವಿಮಾನದ್ದು

ಗೇಟಿನಲ್ಲಿ ಟಿಕೆಟ್ ಸಿಗುತ್ತದೆಂದು ನಂಬಿ ಹೋಗಬೇಡಿ, ಮುಂಗಡವಾಗಿಯೇ ಕೊಳ್ಳಬೇಕು. ಗುಡ್‌ವುಡ್‌ನ ಕ್ಲಬ್ ಸದಸ್ಯರಿಗೆ ಮೊದಲು, ಆಮೇಲೆ ಉಳಿದವರಿಗೆ ಮಾರುತ್ತಾರೆ. ಶನಿವಾರ, ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ಇಷ್ಟು ದೂರ ಹೋಗುವವರು ಮೂರೂ ದಿನದ್ದು ಕೊಳ್ಳಿ. ಒಂದೇ ದಿನಕ್ಕೆ ದುಡ್ಡು ಹೊಂದುವುದಾದರೆ ಶುಕ್ರವಾರ ಆರಿಸಿ, ಕಾರಣ ಮುಂದೆ ಹೇಳಿದೆ. ಗ್ರ್ಯಾಂಡ್‌ಸ್ಟ್ಯಾಂಡ್ ಸೀಟಿಗೆ ಬೇರೆ ಹಣ. ಅದು ಇಲ್ಲದಿದ್ದರೂ ಸುತ್ತಲಿನ ಹುಲ್ಲಿನ ದಿಬ್ಬದ ಮೇಲೆ ನಿಂತು ಚೆನ್ನಾಗಿ ನೋಡಬಹುದು.

ಕ್ರಮ ಹೀಗಿರಲಿ: ರೇಸಿನ ಟಿಕೆಟ್, ನಂತರ ರದ್ದು ಮಾಡಿದರೆ ಹಣ ವಾಪಸ್ ಬರುವ ರೂಮು, ನಂತರ ವೀಸಾ, ವೀಸಾ ಕೈಗೆ ಬಂದ ಮೇಲೆ ವಿಮಾನ. ಅಗ್ಗವಾಗಿ ಸಿಕ್ಕಿತೆಂದು ವಾಪಸ್ ಇಲ್ಲದ ವಿಮಾನದ ಟಿಕೆಟ್ ಮೊದಲೇ ಕೊಂಡು, ವೀಸಾ ತಡವಾಗಿ ಕೈ ಸುಟ್ಟುಕೊಳ್ಳುವವರೇ ಹೆಚ್ಚು.

ವೀಸಾ: ಪಹಣಿಯನ್ನೂ ಇಂಗ್ಲಿಷಿಗೆ ತನ್ನಿ

ಬೇಕಾದದ್ದು ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಆರು ತಿಂಗಳ ವೀಸಾಕ್ಕೆ 2025ರ ಏಪ್ರಿಲ್‌ನಲ್ಲಿ ಶುಲ್ಕ 127 ಪೌಂಡ್ ಆಯಿತು. ಅದು ಆಗಾಗ ಏರುವುದರಿಂದ ಅರ್ಜಿ ತುಂಬುವ ದಿನದ ದರ ನೋಡಿಕೊಳ್ಳಿ. ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರುವುದಿಲ್ಲ. ಅಂದರೆ ಸೆಪ್ಟೆಂಬರ್ ನಡುವಿನ ರೇಸಿಗೆ ಜೂನ್ ನಡುವಿನಲ್ಲಿ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಜೂನ್‌ನಲ್ಲೇ ಹಾಕಿಬಿಟ್ಟರೆ ಒಂದು ಕಾಗದ ಕಡಿಮೆಬಿದ್ದು ಮತ್ತೆ ಅರ್ಜಿ ಹಾಕುವ ಪ್ರಸಂಗ ಬಂದರೂ ಸಮಯವಿರುತ್ತದೆ.

ಬೆರಳಚ್ಚಿಗೆ ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು ಅನುಕೂಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಊರು ಸೇರುತ್ತೀರಿ. ಆದರೆ ರೈಲು ತಡವಾದರೆ ಕೆಡದಂತೆ ಹೊತ್ತು ಏರಿದ ಮೇಲಿನ ಸಮಯ ಕಾದಿರಿಸಿ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ.

ವೀಸಾ ಅಧಿಕಾರಿ ನೋಡುವುದು ಎರಡು: ಖರ್ಚಿಗೆ ಹಣ ಇದೆಯೇ, ಮರಳಿ ಬರಲು ಕಾರಣ ಇದೆಯೇ. ನೌಕರಿಯವರಿಗೆ ರಜೆ ಮಂಜೂರಾದ ಪತ್ರ, ಸಂಬಳದ ಚೀಟಿ, ಆರು ತಿಂಗಳ ಬ್ಯಾಂಕ್ ವಿವರ ಸಾಕು. ಒಕ್ಕಲುತನದವರು ಜಾಸ್ತಿ ಎಚ್ಚರ ವಹಿಸಬೇಕು. ದಲಾಲಿ ಅಂಗಡಿಯಿಂದ ಮೆಣಸಿನಕಾಯಿಯ ದುಡ್ಡು ಒಂದೇ ಗಂಟಾಗಿ ಖಾತೆಗೆ ಬರುವುದು ನಮಗೆ ಸಹಜ. ದೂರ ಕೂತು ಕಾಗದ ನೋಡುವವರಿಗೆ ಅದು ವೀಸಾಕ್ಕೆಂದೇ ಯಾರೋ ಹಾಕಿಸಿದ ಹಣದಂತೆ ಕಾಣುತ್ತದೆ. ಆ ಜಮೆಯ ಪಕ್ಕದಲ್ಲೇ ಎಪಿಎಂಸಿ ಮಾರಾಟದ ಬಿಲ್ಲು ಇಡಿ, ಜೊತೆಗೆ ಪಹಣಿ. ಇವು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಕಡ್ಡಾಯ. ಅನುವಾದ ಮೂಲಕ್ಕೆ ಸರಿಯಾಗಿದೆ ಎಂಬ ಮಾತು, ತಾರೀಖು, ಅನುವಾದಕರ ಪೂರ್ತಿ ಹೆಸರು, ಸಹಿ ಮತ್ತು ಸಂಪರ್ಕ ವಿವರ ಅದರ ಮೇಲಿರಬೇಕು. ಇವುಗಳಲ್ಲಿ ಒಂದು ಬಿಟ್ಟರೂ ಆ ಕಾಗದವನ್ನು ಲೆಕ್ಕಕ್ಕೆ ಹಿಡಿಯದಿರಬಹುದು.

ಬಟ್ಟೆ: ಜೀನ್ಸ್ ಊರಿನವರಿಗೆ ಇದು ಸುಲಭ

ಬಾಡಿಗೆ ವೇಷ ತರುವ ಯೋಚನೆ ಬಿಡಿ. ನಾಟಕದ ಬಟ್ಟೆ ದೂರದಿಂದಲೇ ಗೊತ್ತಾಗುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಕತ್ತರಿಸುವ, ಹೊಲಿಯುವ, ಒಗೆಯುವ ಕೈಗಳು ಓಣಿಗೊಂದರಂತೆ ಇವೆ. ಅವರಿಗೆ ಸರಿಯಾಗಿ ಹೇಳುವುದಷ್ಟೇ ನಿಮ್ಮ ಕೆಲಸ.

ಹುಡುಗರಿಗೆ ಕಡಿಮೆ ಖರ್ಚಿನದು 1950ರ ದಶಕದ ಬೈಕ್ ಹುಡುಗರ ಉಡುಪು: ಕಡುನೀಲಿ ಜೀನ್ಸ್, ಬಿಳಿ ಬನಿಯನ್ನಿನಂಥ ಟಿ-ಶರ್ಟ್, ಕರಿ ಚರ್ಮದ ಜಾಕೆಟ್, ಬೂಟು. ಜೀನ್ಸ್ ಹೊಲಿಸುವಾಗ ಮೂರು ಮಾತು ಖಂಡಿತ ಹೇಳಿ. ಒಂದು, ಲೈಕ್ರಾ ಬೆರೆತ ಬಟ್ಟೆ ಬೇಡ, ಪೂರ್ತಿ ಹತ್ತಿಯದು. ಎರಡು, ವಾಷಿಂಗ್ ಯೂನಿಟ್ಟಿಗೆ ಕಳಿಸುವುದೇ ಬೇಡ. ಕಲ್ಲು ಹಾಕಿ ತಿಕ್ಕಿ ಬಣ್ಣ ಇಳಿಸುವ ಸ್ಟೋನ್‌ವಾಷ್ ಆ ಕಾಲದ್ದಲ್ಲ, ಬಹಳ ಈಚಿನದು. ಮಂಡಿಯ ಮೇಲೆ ಬಿಳಿ ಮಾಸು ಕಂಡರೆ ಉಳಿದದ್ದೆಲ್ಲ ಸರಿಯಿದ್ದೂ ಕೆಟ್ಟಿತು. ಮೂರು, ಹೊರಗೆ ಮಡಚಲು ಕಾಲಿನ ಉದ್ದ ಆರು ಇಂಚು ಜಾಸ್ತಿ ಬಿಡಿಸಿ, ಮೂರು ಇಂಚಿನ ಮಡಿಕೆಯನ್ನು ಎರಡು ಸುತ್ತು ಮಡಚಲು ಅಷ್ಟು ಬೇಕು.

ಪ್ಯಾಡಾಕ್‌ಗೆ ಎಲ್ಲಕ್ಕಿಂತ ಭದ್ರವಾದದ್ದು ಉಣ್ಣೆಯ ಕೋಟು, ಟೈ, ಎತ್ತರದ ಸೊಂಟದ ಪ್ಯಾಂಟು. ಇಲ್ಲಿ ತಪ್ಪಾಗುವುದು ಆಸನದ, ಅಂದರೆ ಸೊಂಟದಿಂದ ತೊಡೆಸಂದಿಯವರೆಗಿನ ಅಳತೆಯಲ್ಲಿ. ಈಗಿನ ಪ್ಯಾಟರ್ನ್‌ನಲ್ಲಿ ಮುಂದಿನ ಆಸನ ಒಂಬತ್ತು, ಹತ್ತು ಇಂಚು. ಆ ಕಾಲದ ಪ್ಯಾಂಟು ಹೊಕ್ಕುಳಿನ ಮೇಲೆ ನಿಲ್ಲಬೇಕು, ಹನ್ನೆರಡರಿಂದ ಹದಿಮೂರು ಇಂಚು ಹೇಳಿ. ಟೈಲರ್ ನಂಬದಿದ್ದರೆ ಹಳೆಯ ಫೋಟೊ ತೋರಿಸಿ. ಮುಂದೆ ಎರಡು ಪ್ಲೀಟ್, ಕೆಳಗೆ ಒಂದೂವರೆ ಇಂಚಿನ ಮಡಿಕೆ, ಬೆಲ್ಟಿನ ಬದಲು ಭುಜದ ಪಟ್ಟಿ ಸಿಕ್ಕಿಸಲು ಆರು ಗುಂಡಿ, ಜಿಪ್ ಹಾಕಿದರೆ ಹಿತ್ತಾಳೆಯದು. 58 ಇಂಚು ಪನ್ನದ ಬಟ್ಟೆಯಾದರೆ ಒಂದೂವರೆ ಮೀಟರ್ ತನ್ನಿ.

ಮೆಕ್ಯಾನಿಕ್‌ನ ಇಡೀ ಮೈಯ ಡಾಂಗ್ರಿಯೂ ಅಲ್ಲಿ ಚೆನ್ನಾಗಿ ಒಪ್ಪುತ್ತದೆ. ಬಿಳಿ ಅಥವಾ ಕೆನೆಬಣ್ಣದ ಹತ್ತಿ ಡ್ರಿಲ್ ಬಟ್ಟೆ ಮೂರೂವರೆ ಮೀಟರ್ ಹಿಡಿಯುತ್ತದೆ. ಕತ್ತರಿಸುವ ಮುಂಚೆ ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ, ಕೂತಾಗ ತೊಡೆಸಂದಿಯಲ್ಲಿ ಹಿಡಿಯುತ್ತದೆ. ಎದೆಯ ಮೇಲೆ ಈಗಿನ ಕಂಪನಿಯ ಚಿಹ್ನೆ ಹಾಕಿಸಬೇಡಿ. ಸೈನಿಕರ ಸಮವಸ್ತ್ರ ತೊಟ್ಟವರೂ ಅಲ್ಲಿ ಬಹಳ ಜನ ಕಾಣುತ್ತಾರೆ, ಆದರೆ ತಾವು ಗಳಿಸದ ಪದಕ ಧರಿಸುವುದು ಮರ್ಯಾದೆಯಲ್ಲ.

ಹೆಣ್ಣುಮಕ್ಕಳು ಫ್ರಾಕು ಹೊಲಿಸಲೇಬೇಕೆಂದಿಲ್ಲ. 1950ರಲ್ಲಿ ನಮ್ಮ ಕಡೆ ಉಟ್ಟದ್ದು ಇಳಕಲ್ ಸೀರೆ, ಅದೂ ಆ ಕಾಲದ ಉಡುಪೇ. ತೋಪ ತೆನಿಯ ಕೆಂಪು ಸೆರಗು ಆ ಬೂದು ಆಕಾಶದ ಕೆಳಗೆ ಎದ್ದು ಕಾಣುತ್ತದೆ. ಒಳಗೆ ತೆಳು ಥರ್ಮಲ್, ಮೇಲೆ ಉದ್ದ ಉಣ್ಣೆ ಕೋಟು, ಕಾಲಿಗೆ ಮುಚ್ಚಿದ ಚರ್ಮದ ಬೂಟು. ಸೀರೆಯನ್ನು ಎರಡು ಬೆರಳು ಮೇಲೆ ಉಡಿ. ಬೆಳಗಿನ ಹುಲ್ಲು ಇಬ್ಬನಿಯಿಂದ ತೊಯ್ದಿರುತ್ತದೆ, ಅಂಚು ಒದ್ದೆಯಾದರೆ ದಿನವಿಡೀ ಆರದು. ಗಂಡಸರಿಗೂ ಅಷ್ಟೇ, ಕಚ್ಚೆ ಪಂಚೆ, ಗುಂಡಿ ಹಾಕಿದ ಮುಚ್ಚುಗೊರಳ ಕೋಟು, ರುಮಾಲು ಪೂರ್ತಿ ಆ ಕಾಲದ್ದು.

ಮೊದಲ ದಿನವೇ ಹೊಸ ಬೂಟು ಹಾಕಿ ನಡೆಯಬೇಡಿ. ದಿನಕ್ಕೆ ಏಳೆಂಟು ಕಿಲೋಮೀಟರ್ ಓಡಾಟವಾದೀತು. ಒಂದು ತಿಂಗಳು ಮುಂಚಿನಿಂದಲೇ ಇಲ್ಲಿ ತುಳಿದು ಮೆತ್ತಗೆ ಮಾಡಿಕೊಳ್ಳಿ.

ಚೀಲದಲ್ಲಿ ಏನು

ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಗಲು 18–20 ಡಿಗ್ರಿ, ಬೆಳಿಗ್ಗೆ 10–12. ಮಳೆ ಯಾವಾಗ ಬೇಕಾದರೂ ಬಂದೀತು. ಮರದ ಹಿಡಿಕೆಯ ಕರಿ ಛತ್ರಿ ಉಡುಪಿಗೂ ಒಪ್ಪುತ್ತದೆ. ಕಿವಿಗೆ ಸ್ಪಂಜಿನ ಬಿರಡೆ ತಲೆಗೆ ಎರಡು ಜೊತೆ, ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವಂಥದ್ದು. ಸೈಲೆನ್ಸರ್ ಇಲ್ಲದ ಎಂಜಿನ್‌ಗಳ ಪಕ್ಕ ಮೂರು ದಿನ ನಿಲ್ಲುತ್ತೀರಿ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ನಮ್ಮದು ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು.

ಬುತ್ತಿಯ ವಿಚಾರದಲ್ಲಿ ಒಂದು ನಿಯಮ ನೆನಪಿಡಿ. ಭಾರತದಿಂದ ಮಾಂಸ, ಹಾಲು, ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ ಬಿಡುವುದಿಲ್ಲ. ತುಪ್ಪ, ಪೇಡೆ ಮನೆಯಲ್ಲೇ ಇರಲಿ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿಗೆ ತೊಂದರೆಯಿಲ್ಲ. ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ, ಅಡ್ಡ ಪೇರಿಸಿದರೆ ಲಂಡನ್ ಸೇರುವಷ್ಟರಲ್ಲಿ ಪುಡಿ. ಚಟ್ನಿಪುಡಿ ಕೈಚೀಲದಲ್ಲಿ ಬೇಡ, ವಿಮಾನಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿರಲಿ.

ತಲುಪುವುದು, ಉಳಿಯುವುದು

ಬೆಂಗಳೂರಿನಿಂದಲೂ ಹೈದರಾಬಾದಿನಿಂದಲೂ ಲಂಡನ್ನಿನ ಹೀಥ್ರೂಗೆ ನೇರ ವಿಮಾನಗಳಿವೆ. ಬುಧವಾರವೇ ತಲುಪುವಂತೆ ನೋಡಿ. ಹೀಥ್ರೂದಿಂದ ಲಂಡನ್ನಿನ ವಿಕ್ಟೋರಿಯಾ ನಿಲ್ದಾಣ, ಅಲ್ಲಿಂದ ಚಿಚೆಸ್ಟರ್‌ಗೆ ರೈಲು, ಒಂದೂವರೆ ಗಂಟೆಗಿಂತ ತುಸು ಹೆಚ್ಚು. ಈ ದಾರಿಯ ಕೆಲವು ರೈಲುಗಳು ನಡುವೆ ಎರಡಾಗಿ ಬೇರ್ಪಡುತ್ತವೆ. ಹತ್ತುವಾಗಲೇ ಯಾವ ಬೋಗಿ ಚಿಚೆಸ್ಟರ್‌ಗೆ ಎಂದು ಕೇಳಿ, ಇಲ್ಲದಿದ್ದರೆ ಬೇರೆ ಊರಲ್ಲಿ ಇಳಿಯುತ್ತೀರಿ. ಟ್ರ್ಯಾಕ್ ನಿಲ್ದಾಣದಿಂದ ನಾಲ್ಕೈದು ಕಿಲೋಮೀಟರ್.

ಆ ವಾರ ಚಿಚೆಸ್ಟರ್‌ನಲ್ಲಿ ರೂಮಿನ ಬೆಲೆ ಹಂಪಿ ಉತ್ಸವದ ಹೊಸಪೇಟೆಗಿಂತ ಜೋರು. ಅದೇ ರೈಲುಮಾರ್ಗದ ಹ್ಯಾವಂಟ್, ಪೋರ್ಟ್ಸ್‌ಮತ್, ವರ್ಥಿಂಗ್‌ನಲ್ಲಿ ನೋಡಿ. ಹ್ಯಾವಂಟ್‌ನಿಂದ ಚಿಚೆಸ್ಟರ್‌ಗೆ ರೈಲಿನಲ್ಲಿ ಕಾಲು ಗಂಟೆ. ಭಾನುವಾರ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವುದು ಅಲ್ಲಿ ಮಾಮೂಲು, ಆ ದಿನದ ವೇಳಾಪಟ್ಟಿಯನ್ನು ಬೇರೆಯಾಗಿ ನೋಡಿಕೊಳ್ಳಿ.

ಮೂರು ದಿನ, ಎಲ್ಲಿ ನಿಲ್ಲಬೇಕು

ಶುಕ್ರವಾರ ಬೆಳಗಿನಿಂದ ಅಭ್ಯಾಸ ಮತ್ತು ಅರ್ಹತಾ ಸುತ್ತು, ಸಂಜೆಗತ್ತಲಿಗೆ ಒಂದು ರೇಸು. ಜನ ಕಡಿಮೆ, ಎಲ್ಲ ಕಾರುಗಳೂ ಓಡುತ್ತವೆ. ಪ್ಯಾಡಾಕ್‌ಗೆ ಇದೇ ದಿನ. ಅಲ್ಲಿ ಎಂಜಿನ್ ಎಬ್ಬಿಸುವುದನ್ನು ತಾಳ್ಮೆಯಿಂದ ನೋಡಿ. ರೇಸಿನ ಸ್ಪಾರ್ಕ್ ಪ್ಲಗ್ ತಣ್ಣಗಿನ ಎಂಜಿನ್‌ನಲ್ಲಿ ಮಸಿ ಹಿಡಿದು ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಮೆಕ್ಯಾನಿಕ್ ಮೊದಲು ಬೇರೆ ಪ್ಲಗ್ ಹಾಕಿ ಎಣ್ಣೆ ಬಿಸಿಯಾಗುವವರೆಗೆ ಓಡಿಸಿ, ಆರಿಸಿ, ಬಟ್ಟೆ ಸುತ್ತಿದ ಕೈಯಲ್ಲಿ ಒಂದೊಂದನ್ನೇ ಬಿಚ್ಚಿ ರೇಸಿನದು ಹಾಕುತ್ತಾರೆ. ಆಗ ಮೂಗಿಗೆ ಬರುವ ಸಿಹಿಗಮಟು ವಾಸನೆ ನಮ್ಮ ಕಡೆಯವರಿಗೆ ಪರಿಚಿತ. ಹಳೆಯ ರೇಸು ಎಂಜಿನ್‌ಗಳ ಎಣ್ಣೆಗೆ ಮೂಲ ಔಡಲವೇ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಔಡಲದ ಇಂಗ್ಲಿಷ್ ಹೆಸರಿನಿಂದ. ಪೆಟ್ರೋಲ್ ಮಾತ್ರ ಈಗ ಬದಲಾಗಿದೆ, 2024ರಿಂದ ಅಲ್ಲಿನ ರೇಸುಗಳೆಲ್ಲ ಸುಸ್ಥಿರ ಇಂಧನದಲ್ಲಿ ನಡೆಯುತ್ತಿವೆ.

ಶನಿವಾರ ಮೊದಲ ತಿರುವು ಮ್ಯಾಡ್ಜ್‌ವಿಕ್‌ನಲ್ಲಿ ನಿಲ್ಲಿ. ಬಲಕ್ಕೆ ಉದ್ದಕ್ಕೆ ಬಾಗಿದ ತಿರುವು. ಸಪೂರ ಟೈರು ನೆಲ ಕಚ್ಚದೆ ಕಾರು ನಾಲ್ಕೂ ಗಾಲಿಯ ಮೇಲೆ ಅಡ್ಡಡ್ಡ ಜಾರುತ್ತದೆ. ಚಾಲಕ ಅದನ್ನು ಸ್ಟಿಯರಿಂಗ್‌ಗಿಂತ ಹೆಚ್ಚಾಗಿ ಆಕ್ಸಿಲರೇಟರ್‌ನಿಂದ ತಿದ್ದುತ್ತಾನೆ. ದುರ್ಬೀನು ಇದ್ದರೆ ಕಾರನ್ನಲ್ಲ, ಅವನ ಕೈಗಳನ್ನು ನೋಡಿ. ಎಡಕ್ಕೆ ಇಳಿಯುವ ಸೇಂಟ್ ಮೇರೀಸ್‌ಗೂ ಒಮ್ಮೆ ನಡೆದುಹೋಗಿ. 1962ರ ಏಪ್ರಿಲ್ 23ರಂದು ಬ್ರಿಟನ್ನಿನ ಹೆಸರಾಂತ ರೇಸು ಚಾಲಕ ಸ್ಟರ್ಲಿಂಗ್ ಮಾಸ್ ಅಪಘಾತಕ್ಕೀಡಾಗಿ ಅವರ ವೃತ್ತಿಜೀವನ ಮುಗಿದದ್ದು ಅಲ್ಲಿಯೇ. ಶಿಕೇನ್, ಅಂದರೆ ಕಾರಿನ ವೇಗ ತಗ್ಗಿಸಲು ಮಾಡಿದ ಅಂಕುಡೊಂಕು ತಿರುವು, ಎಲ್ಲರೂ ಮುಗಿಬೀಳುವ ಜಾಗ. ಗೇಟು ತೆರೆದ ಕೂಡಲೇ ಹೋಗಿ ಕೂರದಿದ್ದರೆ ಎದುರಿನವರ ಟೊಪ್ಪಿಗೆ ಮಾತ್ರ ಕಾಣುತ್ತದೆ.

ಮಕ್ಕಳಿದ್ದರೆ ಸೆಟ್ರಿಂಗ್ಟನ್ ಕಪ್ ತಪ್ಪಿಸಬೇಡಿ. ಪುಟ್ಟ ಹುಡುಗ ಹುಡುಗಿಯರು ಓಡಿಬಂದು ಆಸ್ಟಿನ್ ಜೆ40 ಪೆಡಲ್ ಕಾರು ಹತ್ತಿ ತುಳಿಯುತ್ತಾರೆ. ಭಾನುವಾರದ ದೊಡ್ಡ ರೇಸು ಆರ್‌ಎಸಿ ಟಿಟಿ ಸೆಲೆಬ್ರೇಶನ್. ಒಂದು ಕಾರಿಗೆ ಇಬ್ಬರು ಚಾಲಕರು, ಒಂದು ಗಂಟೆಯ ಓಟ, ಕೋಬ್ರಾ ಮತ್ತು ಇ-ಟೈಪ್ ಜಾಗ್ವಾರ್‌ಗಳ ಸೆಣಸು. ಚಾಲಕ ಬದಲಾಗುವಾಗ ಲೆಕ್ಕ ತಪ್ಪಿಹೋಗುತ್ತದೆ, ಪ್ರೋಗ್ರಾಂ ಪುಸ್ತಕದಲ್ಲಿ ನಂಬರಿನ ಎದುರು ಪೆನ್ಸಿಲ್ ಗುರುತು ಹಾಕುತ್ತಾ ನೋಡಿ.

ನಡುವಿನ ಬಿಡುವಿನಲ್ಲಿ ರಸ್ತೆಯಾಚೆ ನಿಲ್ಲಿಸಿದ ಹಳೆಯ ಕಾರುಗಳ ಸಾಲು ಸುತ್ತಿ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಂಡರೆ ನಿಲ್ಲಿ, ಅದೇ ನಮ್ಮ ಅಂಬಾಸಿಡರ್‌ನ ತಾಯಿ. ಮಾಲೀಕರಿಗೆ ಅದು ಭಾರತದಲ್ಲಿ 2014ರವರೆಗೆ ತಯಾರಾಯಿತು ಎಂದು ಹೇಳಿ, ಮಾತು ತಾನಾಗಿ ಬೆಳೆಯುತ್ತದೆ.

ಕೊನೆಯ ರೇಸು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಬೀಳುವುದರಿಂದ ಬಸ್ಸಿನ ಸಾಲು ಬಹಳ ಉದ್ದ. ಮುಕ್ಕಾಲು ಗಂಟೆ ಪ್ಯಾಡಾಕ್‌ನಲ್ಲೇ ಉಳಿದರೆ ಕಾರುಗಳನ್ನು ಲಾರಿಗೆ ಏರಿಸುವುದನ್ನೂ ನೋಡಬಹುದು. ಜನ ಸೇರಿದಲ್ಲಿ ಮೊಬೈಲ್ ಸಿಗ್ನಲ್ ಸಿಗದು, ರೈಲಿನ ಟಿಕೆಟ್ಟನ್ನು ಬೆಳಿಗ್ಗೆಯೇ ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ. ಮರಳುವ ವಿಮಾನ ಭಾನುವಾರ ರಾತ್ರಿಯದು ಬೇಡ, ಸೋಮವಾರ ಮಧ್ಯಾಹ್ನದ ನಂತರದ್ದು ಇರಲಿ. ಬೆಂಗಳೂರಿನಲ್ಲಿ ಇಳಿದ ದಿನವೇ ರಾತ್ರಿಯ ರೈಲಿಗೆ ಬಳ್ಳಾರಿಯ ಬರ್ತ್ ಕಾದಿರಿಸುವುದಾದರೆ, ಇಳಿಯುವ ಹೊತ್ತಿಗೂ ರೈಲು ಹೊರಡುವ ಹೊತ್ತಿಗೂ ನಡುವೆ ಆರು ಗಂಟೆ ಬಿಡಿ.